ಮೂಗಿಗೆ ಹಾಕಿದ ಸೂಜಿ

ಸೂಜಿ ನನ್ನ ಕೆನ್ನೆಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು.

ಹಿಂದೆ ಶಟರ್ ಇಳಿಯಿತು. ಅರ್ಧ ಅಲ್ಲ, ಪೂರ್ತಿ.

ಇಳಿಸಿದವನು ಕೇದಾರ. ಎಮ್ಮೆಯ ಕುತ್ತಿಗೆ, ಹಲ್ಲಿಯ ಕಣ್ಣು. ಸೂಜಿ ಹಿಡಿದವಳು ಅವನ ಹೆಂಡತಿ ಸಂಪದಾ. ಕೇಶ್ವಾಪುರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಈಗ ಬೋರ್ಡಿನ ಮೇಲೆ ‘ಕ್ಲಿನಿಕ್’ ಎಂದು ಬರೆಸಿದ್ದಾಳೆ. ಡಾಕ್ಟರ್ ಅಲ್ಲ. ಪೇಂಟರ್ ಡಿಗ್ರಿ ಕೇಳುವುದಿಲ್ಲವಲ್ಲ.

"ಆಯಿ, ಖರೇ ಹೇಳ್ರಿ. ನೀವು ಸುಕ್ಕು ತಗಸಾಕ ಬಂದಿಲ್ಲ."

"ಮತ್ತ ನಿನ್ನ ಮನಿ ಭಾಂಡೆ ತಿಕ್ಕಾಕ ಬಂದೇನೇನು? ಹದಿನಾರರ ಹುಡುಗಿ ಮಾಡು. ಆಗಲಿಲ್ಲಂದ್ರ ಇಪ್ಪತ್ತಾದ್ರೂ ನಡೀತೈತಿ."

ಅವಳು ನಗಲಿಲ್ಲ. ಗುರುತು ಹಿಡಿದಿದ್ದಾರೆ ಎಂದು ಆಗಲೇ ಗೊತ್ತಾಯಿತು...

ಹಿಡಿಯದೆ ಏನು? ನಾನು ಚನ್ನಬಸವ್ವ. ಗಂಡ ಸತ್ತಾಗಿನಿಂದ ಊರಿನ ಜಗಳ ಬಿಡಿಸುವುದೇ ನನ್ನ ಉದ್ಯೋಗ. ಹುಬ್ಬಳ್ಳಿಯ ಅರ್ಧ ಮದುವೆ ಕೂಡಿಸಿದವಳು ನಾನು. ಉಳಿದರ್ಧ ಮುರಿದವಳೂ ನಾನೇ. ಇಲ್ಲಿ ನನ್ನ ಚಪ್ಪಲಿ ಸಪ್ಪಳವಾದರೆ ಧಾರವಾಡದಲ್ಲಿ ವಕೀಲರು ಎದ್ದು ನಿಲ್ಲುತ್ತಾರೆ.

"ಐಶ್ವರ್ಯಾಗ ಏನ ಚುಚ್ಚಿದಿ?"

ಐಶ್ವರ್ಯಾ ನನ್ನ ತಮ್ಮನ ಮೊಮ್ಮಗಳು. ಮುಂದಿನ ವಾರ ನಿಶ್ಚಯ. ಫೋಟೋದಲ್ಲಿ ಮೂಗು ನೆಟ್ಟಗೆ ಕಾಣಲಿ ಎಂದು ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತು ಫಿಲ್ಲರ್ ಹಾಕಿಸಿಕೊಂಡಿದ್ದಳು. ಕಡುಬಿಗೆ ಹೂರಣ ತುಂಬಿದ ಹಾಗೆ ಮೂಗಿಗೆ ತುಂಬಿಬಿಟ್ಟಿದ್ದರು. ಮನೆಗೆ ಬರುವಷ್ಟರಲ್ಲಿ ಮೂಗು ಬೆಳ್ಳಗಾಯಿತು. ಆಮೇಲೆ ನೀಲಿ. ಆಮೇಲೆ ಎಡಗಣ್ಣಿನ ಮುಂದೆ ಕತ್ತಲೆ...

ಆಸ್ಪತ್ರೆಯ ಡಾಕ್ಟರ್ ನನ್ನನ್ನು ಬಾಗಿಲಲ್ಲೇ ಹಿಡಿದಿದ್ದರು.

"ಅಜ್ಜಿ, ತುಂಬಿದ್ದು ರಕ್ತನಾಳದಾಗ ಹೊಕ್ಕದ. ಕರಗಸೋ ಇಂಜೆಕ್ಷನ್ ಒಮ್ಮೆ ಕೊಟ್ಟೀವಿ. ಆಕಿಗೆ ಹಾಕಿದ್ದು ಜೆಲ್ ಇದ್ರ ಮತ್ತ ಮತ್ತ ಕೊಟ್ಟು ಕರಗಸಬಹುದು. ಸಿಲಿಕಾನ್ ಇದ್ರ ಕರಗೂದಿಲ್ಲ, ಬ್ಯಾರೆ ದಾರಿ ನೋಡಬೇಕು. ಯಾವದು ಅಂತ ಲಗೂ ಗೊತ್ತಾಗಬೇಕ್ರಿ. ಇಲ್ಲಂದ್ರ ಕಣ್ಣು ಹೋಗತದ."

ಅದಕ್ಕೇ ಬಂದೆ. ಗಿರಾಕಿಯ ಹಾಗೆ ಬಂದು ಕುರ್ಚಿಯಲ್ಲಿ ಕೂತೆ.

"ಯಾವ ಐಶ್ವರ್ಯಾ?" ಕೇದಾರ ಕೇಳಿದ. "ಇಲ್ಲಿ ಯಾರೂ ಬಂದಿಲ್ಲ."

"ಔಷಧದ ಡಬ್ಬಿ ತೋರಸು."

"ಡಬ್ಬಿನೂ ಇಲ್ಲ. ಹುಡುಕ್ರಿ ಬೇಕಾದ್ರ."

ಕಪಾಟು ಖಾಲಿ. ಕಸದ ಬುಟ್ಟಿ ತೊಳೆದಿಟ್ಟಿತ್ತು. ಹಿತ್ತಲಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಹುಡುಗಿ ಆಸ್ಪತ್ರೆ ಸೇರಿದ ಸುದ್ದಿ ಇವರಿಗೆ ನನಗಿಂತ ಮೊದಲೇ ಮುಟ್ಟಿತ್ತು.

ಕೇದಾರ ಹೆಂಡತಿಯ ಕೈಯಿಂದ ಸೂಜಿ ತೆಗೆದುಕೊಂಡ. ನನ್ನ ಕುತ್ತಿಗೆಯ ಹತ್ತಿರ ತಂದ.

"ವಯಸ್ಸಾಗೇದ ನಿಮಗ. ಕೂತಲ್ಲೇ ಹೋದ್ರ ಯಾರೂ ಏನೂ ಕೇಳೂದಿಲ್ಲ."

"ಹಂಗಾರ ಸ್ವಲ್ಪ ನೆಟ್ಟಗ ಕೂಡ್ತೇನಿ, ತಡಿ. ಹೆಣಾ ನೋಡಾಕರ ಛಲೋ ಇರಲಿ."

ಸೆರಗು ಸರಿ ಮಾಡಿಕೊಂಡೆ.  

ಕಣ್ಣು ಮಾತ್ರ ಸುಮ್ಮನಿರಲಿಲ್ಲ. ಮೂಲೆಯಲ್ಲಿ ದೇವರ ಜಗಲಿ. ದೀಪ ಉರಿಯುತ್ತಿತ್ತು. ಚೆಂಡುಹೂ ಒಂದು ರಾಶಿ.

ನಾನು ಅತ್ತ ನೋಡಿದೆ. ಸಂಪದಾಳ ಮುಖ ಬಿಳಿಚಿತು.

ಅಷ್ಟು ಸಾಕಿತ್ತು.

ನಮ್ಮ ಕಡೆ ಅಂಗಡಿಗೆ ಹೊಸ ಮಾಲು ಬಂದರೆ ಮೊದಲನೆಯದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಾರೆ. ಪೂಜೆಯಾದದ್ದನ್ನು ಯಾರು ಸುಡುತ್ತಾರೆ? ಹುಡುಗಿಯ ಕಣ್ಣು ಸುಡಲು ಸಂಪದಾಳಿಗೆ ಕೈ ಬಂದಿತ್ತು. ಕುಂಕುಮ ಹಚ್ಚಿದ ಡಬ್ಬಿ ಸುಡಲು ಬಂದಿರಲಿಲ್ಲ.

"ಸಂಪದಾ, ಹೋಗೋ ಮೊದಲ ದೇವರಿಗೆ ಒಮ್ಮೆ ಕೈ ಮುಗೀತೇನಿ. ಅದಕ್ಕೂ ಬ್ಯಾಡ ಅಂತೀಯೇನು?"

 ಅವಳು ಗಂಡನ ಕಡೆ ತಿರುಗಿದಳು.

"ಮುಗೀಲಿ ಬಿಡ್ರಿ... ಪಾಪ ಸುತ್ತಕೋತದ."

ಎದ್ದೆ. ಕೈ ಮುಗಿದೆ. ಹೂವಿನ ಕೆಳಗೆ ಬೆರಳು ಹಾಕಿದೆ. ಗಟ್ಟಿ ರಟ್ಟಿನ ಡಬ್ಬಿ.

ಅದು ಸೆರಗಿನೊಳಗೆ ಸೇರಿತು. ದೀಪದ ಎಣ್ಣೆ ಕೇದಾರನ ಅಂಗಿಯ ಮೇಲೆ ಬಿತ್ತು. ಬತ್ತಿಯೂ ಜೊತೆಗೇ ಹೋಯಿತು. ಅವನು ಸೂಜಿ ಎಸೆದು ಎದೆ ಬಡಿದುಕೊಳ್ಳತೊಡಗಿದ.

"ಅದ ಮಾಲಿನ ಡಬ್ಬಿರೀ, ಆ ಹುಡುಗೀಗೆ ಹಾಕಿದ್ದು," ಸಂಪದಾ ಚೀರಿದಳು. "ಹಿಡೀರಿ ಆಕಿನ್ನ."

ನನಗೆ ಬೇಕಾದ ಮಾತು ಅದೇ ಆಗಿತ್ತು.

ಹಿತ್ತಲ ಬಾಗಿಲಿನಿಂದ ಓಡಿದೆ. ನನ್ನ ಓಟ ನೋಡಿ ಓಣಿಯ ನಾಯಿಗಳು ಬೊಗಳುವುದನ್ನೇ ಮರೆತವು. ತಿರುವಿನಲ್ಲಿ, ನನ್ನನ್ನು ಕರೆತಂದಿದ್ದ ನಿಜಾಮುದ್ದೀನನ ಆಟೋ ಕಾಯುತ್ತಿತ್ತು.

"ಆಸ್ಪತ್ರಿಗೆ ಹೊಡಿ. ಬ್ರೇಕ್ ಮರತಬಿಡು."

"ಅದು ಹೋಗಿ ವಾರ ಆತ್ರಿ ಆಯಿ."

ಹಿಂದೆ ಬೈಕಿನ ಸದ್ದು. ಕನ್ನಡಿಯಲ್ಲಿ ಕೇದಾರ. ಅಂಗಿ ಇಲ್ಲ, ಹೆಲ್ಮೆಟ್ ಇಲ್ಲ. ಕೈಯಲ್ಲಿ ಕಬ್ಬಿಣದ ರಾಡ್. ಮೊದಲ ಏಟಿಗೆ ಆಟೋದ ಹಿಂಭಾಗದ ರೆಕ್ಸಿನ್ ಹರಿಯಿತು. ಎರಡನೆಯದು ನನ್ನ ಕಿವಿಯ ಪಕ್ಕದಲ್ಲೇ ಸುಯ್ ಎಂದಿತು...

"ನಿಜಾಮುದ್ದೀನ, ಅವ ಭಾಳ ಹತ್ರ ಬಂದಾನ."

"ಗಟ್ಟಿ ಹಿಡಕೋರಿ."

ರಸ್ತೆ ಅಗೆದಲ್ಲಿ ಹಲಗೆ ಹಾಸಿದ್ದರು. ಆಟೋ ಹಲಗೆಯ ಮೇಲೆ ಹಾರಿತು. ಹಲಗೆ ಮುರಿಯಿತು. ಬೈಕು ಕೆಳಗೆ ಹೋಯಿತು.

ತಿರುಗಿ ನೋಡಲಿಲ್ಲ. ಅವನನ್ನು ಆಮೇಲೆ ಪೊಲೀಸರೇ ಎತ್ತಿದರಂತೆ. ಕಾಲು ಮುರಿದಿತ್ತು, ಬಾಯಿ ಗಟ್ಟಿ ಇತ್ತು.

ಡಾಕ್ಟರ್ ಡಬ್ಬಿ ಕಸಿದುಕೊಂಡರು. ಕುಂಕುಮ ಒರೆಸಿ ಓದಿದರು. ನನಗೆ ಇಂಗ್ಲಿಷ್ ಬಾರದು. ಅವರ ಮುಖವನ್ನೇ ನೋಡುತ್ತ ನಿಂತೆ.

"ಜೆಲ್ ಅದ," ಅಂದರು. "ಕರಗತದ. ಆದ್ರ ತಡಾ ಆಗೇದ, ಅಜ್ಜಿ."

ಸೂಜಿಯ ಮೇಲೆ ಸೂಜಿ. ಹುಡುಗಿಯ ನರಳಾಟ ಗೋಡೆ ದಾಟಿ ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಒಳಗೆ ಕರೆದರು. ಮೂಗಿನ ಮೇಲೆ ದಪ್ಪ ಬ್ಯಾಂಡೇಜು.

"ಐಶೂ, ಬಲಗಣ್ಣು ಮುಚ್ಚು. ಏನ ಕಾಣಸ್ತೈತಿ?"

ಅವಳು ಬಲಗಣ್ಣಿನ ಮೇಲೆ ಅಂಗೈ ಇಟ್ಟಳು.

ನಾನು ಅವಳ ಎಡಗಣ್ಣಿನ ಹತ್ತಿರ ಬಗ್ಗಿದೆ. ಇನ್ನೂ ಬಗ್ಗಿದೆ...

"ಆಯಿ, ನಿನ್ನ ಮುಖದಾಗ ಎಷ್ಟೊಂದ ಗೆರಿ ಅದಾವ."

"ಎಣಸು."

ಎಣಿಸತೊಡಗಿದಳು. ಡಾಕ್ಟರ್ ನನ್ನ ಕಿವಿಯಲ್ಲಿ ಹೇಳಿದರು. "ಕಣ್ಣು ಉಳೀತು. ಮೂಗಿನ ತುದಿ ಉಳಿಯೂದಿಲ್ಲ. ಆಕಿಗೆ ಇನ್ನೂ ಹೇಳಿಲ್ಲ... ದಣಿವಾಗತದ, ಎಣಸೂದು ನಿಲ್ಲಸ್ರಿ."

"ಎಣಸಲಿ ಬಿಡ್ರಿ, ಸಾಹೇಬ್ರ."

ಅವಳು ಕನ್ನಡಿ ಕೇಳುವತನಕ ಸಾಲುವಷ್ಟು ಗೆರೆಗಳು ನನ್ನ ಮುಖದಲ್ಲಿವೆ.