ಗ್ರೀಕ್ ದೇವಿಗೆ ಕೂರಿಸಿದ ಮೂಗು

ಶಿವಕಾಂತಾ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಗೌರಾಬಾಯಿ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸಿದಳು.

"ಏನವಾ, ಡ್ರಾಯಿಂಗ್ ಕ್ಲಾಸಿನ್ಯಾಗ ನಿನ್ನ ಮೂರ್ತಿ ಇಟ್ಟಾರಂತಲ್ಲ! ನನ್ನ ಮೊಮ್ಮಗಳು ಹೇಳಿದ್ಲು."

ಹಂಚಿಗೆ ಹಾಕಲು ಎತ್ತಿದ ರೊಟ್ಟಿ ಕೈಯಲ್ಲೇ ಹರಿಯಿತು.

ಗಂಡ ತೀರಿಕೊಂಡ ಮೇಲೆ ಅವಳು ಉದಗೀರಕ್ಕೆ ಬಂದು, ಆ ಕ್ಲಾಸಿನ ಕಸ ಗುಡಿಸಿ, ಮಗಳು ಮೀನಲಳನ್ನು ಓದಿಸುತ್ತಿದ್ದಳು. ಕಾಸಾರಶಿರಸಿಯ ಅತ್ತೆ ಸರುಬಾಯಿ ಕಳಿಸುವಾಗಲೇ ಹೇಳಿದ್ದಳು: "ಉಡಿಕಿ ಆಗಿ ಇನ್ನೊಬ್ಬನ ಮನಿ ಸೇರಿದ್ಯೋ, ಕೂಸು ನಮ್ದು."

ಗ್ಯಾಸ್ ಆರಿಸಿ ಓಡಿದಳು. ಮೀನಲ ಹಿಂದೆಯೇ ಓಡಿಬಂದಳು.

ಕ್ಲಾಸಿನಲ್ಲಿ ಉಮಾಕಾಂತ ಸರ್ ಒಬ್ಬರೇ ಇದ್ದರು. ಮಕ್ಕಳಿಗೆ ನೆರಳು-ಬೆಳಕು ಕಲಿಸಲೆಂದು ಪುಣೆಯಿಂದ ತರಿಸಿದ್ದ ಗ್ರೀಕ್ ದೇವಿಯ ಪ್ಲಾಸ್ಟರ್ ತಲೆ ಕಿಟಕಿಯ ಬಳಿ ಇತ್ತು. ಬಸ್ಸಿನಲ್ಲಿ ಮುರಿದಿದ್ದ ಅದರ ಮೂಗಿಗೆ ಬದಲಾಗಿ ಸರ್ ಹೊಸದನ್ನು ಕೂರಿಸಿದ್ದರು. ಗ್ರೀಕರ ಮೂಗು ಹಣೆಯಿಂದ ನೆಟ್ಟಗೆ ಇಳಿಯಬೇಕು. ಇದೋ, ಹುಬ್ಬಿನ ನಡುವೆ ತಗ್ಗಿ, ತುದಿಯಲ್ಲಿ ತುಸು ಮೇಲೆದ್ದಿತ್ತು. ಎಡಗಡೆ ಮೂಗುಬೊಟ್ಟಿನ ತೂತು ಬೇರೆ!

ಶಿವಕಾಂತಾ ತನ್ನ ಮೂಗು ಮುಟ್ಟಿಕೊಂಡಳು. ಬೊಟ್ಟು ತೆಗೆದಿಟ್ಟು ವರ್ಷಗಳಾಗಿ, ತೂತು ಕನ್ನಡಿಯಲ್ಲೂ ಕಾಣದಷ್ಟು ಮುಚ್ಚಿಹೋಗಿತ್ತು. ಇವರಿಗೆ ಯಾವಾಗ ಕಂಡಿತು?

"ಇದೇನ್ರಿ ಸರ್?"

"ಗೊತ್ತಾಗ್ಲಿಲ್ರಿ. ಮಕ್ಕಳು ನಕ್ಕಾಗಲೇ ತಿಳೀತು. ಮೂಗು ಅಂದ್ರ ನನ್ನ ಕೈಗಿ ಇದೊಂದೇ ಬರ್ತದ."

ಅವಳಿಗೆ ನಗು ಬಂತು. ಮರುಕ್ಷಣವೇ ಅತ್ತೆಯ ಮಾತು ನೆನಪಾಯಿತು.

"ಉಜ್ಜಿಬಿಡ್ರಿ. ಸುದ್ದಿ ಶಿರಸಿಗಿ ನಮ್ಮತ್ತಿ ಕಿವಿಗಿ ಹೋದ್ರ ನನ್ನ ಮಗಳಿಗಿ ಒಯ್ತಾರ."

ಅವರು ಪಾಲಿಶ್ ಪೇಪರ್ ಕೈಗೆತ್ತಿಕೊಂಡರು. ರೆಪ್ಪೆಗಳ ಮೇಲೆ ಬಿಳಿ ಪುಡಿ ಕೂತಿತ್ತು. "ಉಜ್ತೀನಿ. ಆದ್ರ ಇನ್ನೊಂದು ಮಾಡಿದ್ರೂ ಹಿಂಗೇ ಆಗ್ತದ, ಶಿವಕಾಂತಾ."

'ರೀ' ಇಲ್ಲದ ತನ್ನ ಹೆಸರನ್ನು ಅವರ ಬಾಯಲ್ಲಿ ಅವಳು ಮೊದಲ ಸಲ ಕೇಳಿದಳು. ತಲೆಯೆತ್ತಿದಳು, ಅವರ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಅವಳದೂ ಇಳಿಯಲಿಲ್ಲ.

ಬಾಗಿಲ ಚೌಕಟ್ಟು ಹಿಡಿದು ಮೀನಲ ನಿಂತಿದ್ದಳು. ಎಷ್ಟೋ ದಿನಗಳಿಂದ ಹುಡುಗಿ ಏನೋ ಕೇಳಲು ಬಾಯಿ ತೆರೆಯುತ್ತಿದ್ದಳು. ಶಿವಕಾಂತಾ ಪ್ರತಿ ಸಲ ಏನಾದರೊಂದು ಕೆಲಸ ಹೇಳಿ ಕಳಿಸುತ್ತಿದ್ದಳು. ಇಂದು ಹೇಳಲು ಯಾವ ಕೆಲಸವೂ ನೆನಪಾಗಲಿಲ್ಲ.

"ಶಿರಸಿ ಆಯಿ ಕರದ್ರ ನಾ ಹೋಗಲ್ಲ," ಎಂದಳು ಮೀನಲ. ಆಮೇಲೆ, ಮೆಲ್ಲಗೆ:

"ಅವ್ವಾ, ಸರ್ ನಮ್ಮ ಮನ್ಯಾಗೇ ಇರ್ಲಿಕ್ಕ ಬಂದ್ರ ನೀ ಅಂಜೂದು ಬಿಡ್ತೀಯೇನು?"