ಮೀನಿನ ಗುರುತಿನ ಇಟ್ಟಿಗೆ

"ಮಾರ್ಬ್ಯಾಡ ಮಗಾ. ಇಟ್ಕಳಕ್ಕೆ ಆಗಲ್ವಾ, ಹೊಳಿಗೆ ಬಿಡು. ಮಾರಿದ್ಯೋ, ಕೆಟ್ಟೆ."

ಗುತ್ಯಮ್ಮ ಈ ಮಾತು ಹೇಳಿದ್ದು ಅದು ಮೂರನೆಯ ಸಲ. ಮೂರನೆಯ ಸಲವೂ ಶೇಷಪ್ಪ ನಕ್ಕ. ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ, ಅವನಲ್ಲಿ ಅದೂ ಅಷ್ಟಕ್ಕಷ್ಟೇ. ಹತ್ತು ವರ್ಷದಲ್ಲಿ ಏಳು ವರ್ಗಾವಣೆ ಕಂಡ ಪ್ರೈಮರಿ ಮೇಷ್ಟ್ರು ಅವನು. ತೀರ್ಥಹಳ್ಳಿ ಕಡೆಯಿಂದ ಹೊಸನಗರಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಏಳು ಸಲವೂ ಬಸ್ಸಿನ ಟಾಪಿಗೆ ಹತ್ತಿಸಿ, ಇಳಿಸಿ, ಸೊಂಟ ಹಿಡಿದುಕೊಂಡು ನಿಂತದ್ದು ಒಂದೇ ಪೆಟ್ಟಿಗೆಗಾಗಿ. ಹಲಸಿನ ಮರದ ಪೆಟ್ಟಿಗೆ. ಅದರ ತುಂಬ ಹೆಬ್ಬೆರಳಿನಷ್ಟುದ್ದದ ಸುಟ್ಟ ಇಟ್ಟಿಗೆಗಳು.

ಅಪ್ಪ ಬೆಳ್ಳಪ್ಪ ಸಾಗರದ ದಾರಿಯಲ್ಲಿ ಇಟ್ಟಿಗೆ ಗೂಡು ಹಾಕಿದ್ದವನು. ಯಾರ ಮನೆಗೇ ಇಟ್ಟಿಗೆ ಕೊಯ್ಯಲಿ, ಅದೇ ಮಣ್ಣಿನಲ್ಲಿ ಒಂದು ಪುಟ್ಟ ಇಟ್ಟಿಗೆ ಮಾಡುತ್ತಿದ್ದ. ಹಸಿಯಿರುವಾಗಲೇ ಕಡ್ಡಿಯಲ್ಲಿ ಒಂದು ಗುರುತು ಗೀರಿ, ಗೂಡಿನ ಬಾಯಲ್ಲಿಟ್ಟು ಸುಡುತ್ತಿದ್ದ. ಮೀನು, ಕುಡುಗೋಲು, ಬಾಚಣಿಗೆ, ಅರ್ಧಚಂದ್ರ. ಒಂದೊಂದು ಗುರುತು ಒಂದೊಂದು ಮನೆಗೆ. ತಾಯಿಯಿಲ್ಲದ ಶೇಷಪ್ಪನಿಗೆ ಅವೇ ಆಟದ ಸಾಮಾನು. ಗೂಡಿನ ಬೂದಿಯಲ್ಲಿ ಕೂತು ಅವನು ಕಟ್ಟದ ಊರಿಲ್ಲ. ಅಪ್ಪ ಪಕ್ಕದಲ್ಲಿ ಬೀಡಿ ಸೇದುತ್ತ, ಇದು ಇಂಥವರ ಮನೆ, ಇದು ಇಂಥವರದ್ದು ಎಂದು ಬಾಯಿಪಾಠ ಮಾಡಿಸುತ್ತಿದ್ದ.

"ಇದು ಆಟದ ಸಾಮಾನಲ್ಲ ಮಾರಾಯಾ," ಎಂದಳು ಗುತ್ಯಮ್ಮ. ಅವಳು ಬೆಳ್ಳಪ್ಪನ ಅಕ್ಕ, ಗೂಡಿಗೆ ಮಣ್ಣು ತುಳಿದೇ ಕಾಲು ಸವೆಸಿದವಳು. "ಮಾಟ ಮಾಡೋರಿಗೆ ಮನುಷ್ಯರದ್ದು ಕೂದ್ಲೋ, ಉಗುರೋ, ಕಾಲಡಿ ಮಣ್ಣೋ ಬೇಕು. ಒಂದು ಮನೆಗೇ ಮಾಡ್ಬೇಕು ಅಂದ್ರೆ ಇದು ಬೇಕು. ಬರೀ ಇಟ್ಟಿಗೆ ಸಿಕ್ರೆ ಏನೂ ಆಗಲ್ಲ. ಗೂಡಿನವರ ನಾಲಿಗೇಲಿ ಮನೆ ಹೆಸರು ಬಂದ್ರೆ ಅಂಟ್ತದೆ. ನಿನ್ನಪ್ಪ ಹೋದ, ಈಗ ಆ ನಾಲಿಗೆ ನಿಂದು. ನಮ್ಮೋರು ಯಾರೂ ಇಟ್ಟಿಗೆ ಮನೇಲಿ ಯಾಕೆ ಇರಲ್ಲ, ಯಾವತ್ತಾದ್ರೂ ಕೇಳಿದ್ಯಾ?"

"ಇಟ್ಟಿಗೆಗೆ ಗತಿಯಿರಲಿಲ್ಲ, ಅದಕ್ಕೇ," ಎಂದ ಶೇಷಪ್ಪ.

"ನಗು, ನಗು," ಎಂದು ಮುದುಕಿ ಕೋಲೂರಿ ಎದ್ದು, ಊರಾಚೆಯ ತನ್ನ ಮಣ್ಣುಗೋಡೆಯ ಗುಡಿಸಲಿಗೆ ಹೊರಟುಹೋದಳು.

ಪೆಟ್ಟಿಗೆಯಲ್ಲಿ ನಾಲ್ಕು ಇಟ್ಟಿಗೆ ಒದ್ದೆಯಾಗಿದ್ದವು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಆ ನಾಲ್ಕು ಮನೆಗಳ ಊರು ಮುಳುಗಿದ ವರ್ಷದಿಂದ ಅವು ಹಾಗೇ. ಬಿಸಿಲಿಗಿಟ್ಟರೂ ಒಣಗವು, ಮುಟ್ಟಿದರೆ ಪಾಚಿಯ ವಾಸನೆ. ಮಣ್ಣು ಥಂಡಿ ಹೀರುತ್ತದೆ, ವಿಜ್ಞಾನ, ಎಂದು ಶೇಷಪ್ಪ ಹೆಂಡತಿ ಕನ್ನಮ್ಮನಿಗೆ ಹೇಳಿದ್ದ. ಉಳಿದ ಇಟ್ಟಿಗೆಗಳು ಅದೇ ಪೆಟ್ಟಿಗೆಯಲ್ಲಿ ಒಣಗಿ ಗರಿಗರಿ ಇದ್ದದ್ದು ಯಾಕೆ ಎಂದು ಕನ್ನಮ್ಮ ಕೇಳಲಿಲ್ಲ. ಅವಳಿಗೆ ಆ ಮೂಲೆ ಖಾಲಿಯಾದರೆ ಸಾಕಿತ್ತು, ಮಗಳ ತೊಟ್ಟಿಲಿಗೆ ಜಾಗ ಬೇಕಿತ್ತು.

ಹೂವಯ್ಯ ಬಂದದ್ದು ಶನಿವಾರ, ಶಾಲೆ ಬಿಟ್ಟ ಮೇಲೆ. ಕೆರೆ ಬೀದಿಯವನು, ಎರಡನೆಯ ಕ್ಲಾಸಿನ ಹುಲಿಯಮ್ಮನ ಅಜ್ಜ. ಒಗೆದ ಅಂಗಿ, ಬಾಯಲ್ಲಿ ಎಲೆಯಡಿಕೆಯ ಕವಳ, ಮಾತೆಲ್ಲ ಬೆಣ್ಣೆ.

"ಮೊಮ್ಮಗಳಿಗೆ ನಾಲ್ಕು ದಿನದಿಂದ ಜ್ವರ, ಮೇಷ್ಟ್ರೇ. ಮಲಗಿದಲ್ಲೇ ಆಡಕ್ಕೆ ಏನಾರ ಬೇಕು ಅಂತ ಒಂದೇ ಹಟ. ನಿಮ್ಮತ್ರ ಪುಟ್ಟ ಇಟ್ಟಿಗೆ ಇದಾವಂತಲ್ಲ. ಅಷ್ಟೂ ಕೊಟ್ಬಿಡಿ."

ದೇವರೇ ಕಳಿಸಿದ ಗಿರಾಕಿ! ಶೇಷಪ್ಪ ಪೆಟ್ಟಿಗೆಯನ್ನು ಜಗುಲಿಗೆ ಎಳೆದು ತಂದ. ಹೂವಯ್ಯ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ.

"ಗುರುತು ಇದಾವಲ್ಲ. ಯಾವುದು ಯಾರದ್ದು, ಗೊತ್ತಾ? ಮಗು ಕೇಳ್ತದೆ, ಅದಕ್ಕೆ."

ಮೇಷ್ಟ್ರನ್ನು ಪ್ರಶ್ನೆ ಕೇಳಬಾರದು. ಕೇಳಿದರೆ ಮುಗಿಯಿತು, ಉತ್ತರ ಹೇಳದೆ ಇರಲಾರರು. ಇಷ್ಟು ವರ್ಷ ಯಾರೂ ಕೇಳದ ಬಾಯಿಪಾಠ ಅದು. ಶೇಷಪ್ಪನ ಆಯಾಸವೆಲ್ಲ ಎಲ್ಲಿ ಹೋಯಿತೋ! ಕುಡುಗೋಲು, ಪಟೇಲರ ಮನೆ. ಬಾಚಣಿಗೆ, ಹುಂಚದ ದಾರಿಯ ಬಳೆಗಾರರದ್ದು. ಅರ್ಧಚಂದ್ರ... "ಅರೆ, ಇದು ನಿಮ್ಮಣ್ಣ ಹುಲಿಯಪ್ಪನ ಮನೇದೇ ಅಲ್ವಾ?"

ಹೂವಯ್ಯನ ದವಡೆ ಒಂದು ಕ್ಷಣ ನಿಂತಿತು.

"ನಮ್ಮನೇದು ಇದರಲ್ಲಿ ಇಲ್ವಾ?"

"ಇಲ್ಲ. ನೀವು ಕಟ್ಟಿಸಿದ್ದು ಬೇರೆ ಗೂಡಿನ ಇಟ್ಟಿಗೇಲಿ."

"ಹಾಂ, ಹೌದೌದು." ಅವನು ಮತ್ತೆ ಅಗಿಯತೊಡಗಿದ. "ಈ ಮೀನು?"

"ಅದೇ ತಮಾಷೆ ನೋಡಿ! ಬಸ್ ಸ್ಟ್ಯಾಂಡ್ ಹಿಂದಿನ ಮನೆ. ಅಂದ್ರೆ ಇದೇ, ನಾವು ಬಾಡಿಗೆಗಿರೋ ಈ ಮನೇನೇ."

ಹೂವಯ್ಯ ಗೋಡೆಯನ್ನು ನೋಡಿದ, ಹೆಂಚಿನ ಮಾಡನ್ನು ನೋಡಿದ. ಆಮೇಲೆ ಮೀನಿನ ಇಟ್ಟಿಗೆಯನ್ನು ಪೆಟ್ಟಿಗೆಗೆ ಹಾಕದೆ ಜೇಬಿಗೆ ಹಾಕಿಕೊಂಡ. ಕೊಟ್ಟ ದುಡ್ಡನ್ನು ಶೇಷಪ್ಪ ನೋಡಲೂ ಇಲ್ಲ. ಪೆಟ್ಟಿಗೆ ಹೇರಿದ ಹೂವಯ್ಯನ ಗಾಡಿ ತಿರುವು ದಾಟಿದಾಗ ಸೊಂಟದ ನೋವೇ ಹೋದಂತಾಯಿತು.

ಭಾನುವಾರ ಮಧ್ಯಾಹ್ನ ಅವನು ಕ್ಷೌರಕ್ಕೆ ಕೂತಿದ್ದ. ಅರ್ಧ ತಲೆಯಾಗಿತ್ತು. ಪಕ್ಕದ ಮನೆಯ ನಾಗರತ್ನಮ್ಮ ಸೆರಗು ಜಾರಿದ್ದೂ ತಿಳಿಯದೆ ಓಡಿ ಬಂದಳು.

"ಮೇಷ್ಟ್ರೇ! ನಿಮ್ಮನೆ... ಹೊಗೆ ಇಲ್ಲ, ಬೆಂಕಿ ಇಲ್ಲ, ಸುಡ್ತಾ ಇದೆ! ಕನ್ನಮ್ಮ, ಮಗು, ಇಬ್ರೂ ಒಳಗೇ..."

ಕೊರಳಿನ ಬಟ್ಟೆಯ ಸಮೇತ ಅವನು ಓಡಿದ. ತಿರುವಿನಲ್ಲೇ ವಾಸನೆ ಹೊಡೆಯಿತು. ಹಸಿ ಮಣ್ಣು ಬೇಯುವ ವಾಸನೆ, ಹೊಟ್ಟು, ಬೂದಿ, ಬೀಡಿ. ಅಪ್ಪನ ಮೈಯ ವಾಸನೆ. ಅಂಗಳದಲ್ಲಿ ಜನ ಕೊಡಕೊಡ ನೀರು ಎರಚುತ್ತಿದ್ದರು. ನೀರು ಗೋಡೆಗೆ ಬಿದ್ದದ್ದೇ ಚುಂಯ್ ಎಂದು ಆವಿಯಾಗುತ್ತಿತ್ತು. ಸುಣ್ಣ ಸಿಪ್ಪೆಸಿಪ್ಪೆಯಾಗಿ ಉದುರಿ, ಒಳಗಿನ ಇಟ್ಟಿಗೆ ಕೆಂಪಾಗಿ ಕಾಣುತ್ತಿತ್ತು. ಗೂಡು ಪದಕ್ಕೆ ಬಂದಾಗಿನ ಕೆಂಪು. ಅದನ್ನು ಅವನು ಎಲ್ಲಿ ಕಂಡರೂ ಗುರುತಿಸುತ್ತಿದ್ದ.

"ಕನ್ನಾ!"

"ಬಾಗ್ಲು ತೆಗೆಯಕ್ಕೆ ಬರ್ತಿಲ್ಲ ಕಣ್ರೀ!" ಒಳಗಿನಿಂದ ಅವಳ ದನಿ. "ಚಿಲಕ ಮುಟ್ಟಕ್ಕಾಗ್ತಿಲ್ಲ! ಮಗು ಅಳೋದು ನಿಲ್ಸಿದೆ! ಏನಾದ್ರೂ ಮಾಡ್ರೀ!"

ಅವನು ಭುಜ ಕೊಟ್ಟು ಗುದ್ದಿದ. ಕೊಡಲಿ ತಂದು ಬಡಿದರು. ಕದ ಕದಲಲಿಲ್ಲ. ಕೊಡಲಿಯ ಕಾವು ಬಿರಿಯಿತು. ಕಿಟಕಿಯ ಸರಳು ಹಿಡಿದವನ ಅಂಗೈ ಅಲ್ಲೇ ಅಂಟಿತು. ಯಾರೋ ಶೇಷಪ್ಪನ ರಟ್ಟೆ ಹಿಡಿದೆಳೆದರು. ಗುತ್ಯಮ್ಮ.

"ಹೂವಯ್ಯ ನಿನ್ನಪ್ಪನ ಹಳೇ ಗೂಡು ಹಚ್ಚಿ ಹತ್ರ ಕೂತಿದಾನಂತೆ. ಹಳೇ ದ್ವೇಷ, ಅವನಿಗೆ ಸುಡಬೇಕಾದ್ದು ಅಣ್ಣನ ಮನೆ. ನೀನು ಹೇಳಿದ ಹೆಸರು ಅಂಟ್ತದೋ ಇಲ್ವೋ ಅಂತ ನಿನ್ನ ಮನೆ ಮೇಲೇ ಪರೀಕ್ಷೆ ಮಾಡ್ತಿದಾನೆ. ಹೆಸರು ಹೇಳ್ದೆ ಅಲ್ವಾ ಮಗಾ?"

"ಹೇಳ್ದೆ ಅತ್ತೆ. ಹೇಳಿಬಿಟ್ಟೆ. ಏನು ಮಾಡ್ಲಿ?"

"ಕೊಟ್ಟ ನಾಲಿಗೇನೇ ಹಿಂದಕ್ಕೆ ತಗಬೇಕು. ಆದ್ರೆ ಬರಿದೇ ಆಗಲ್ಲ. ಹಚ್ಚಿದ ಗೂಡು ತಿಂದೇ ಆರೋದು. ಇನ್ನೊಂದು ಮನೆ ತೋರಿಸ್ಬೇಕು."

"ನಿನ್ನ ಮನೆ..."

"ನಂದು ಮಣ್ಣುಗೋಡೆ. ಅಂಟಲ್ಲ." ಮುದುಕಿ ಅಳುತ್ತಿದ್ದಳು. "ಇಟ್ಟಿಗೇದೇ ಬೇಕು, ಯಾವ ಗೂಡಿಂದಾದ್ರೂ ಸರಿ."

ಒಳಗೆ ಕನ್ನಮ್ಮನ ದನಿಯೂ ನಿಂತಿತು.

ಅವನು ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತು ಎಲ್ಲಿತ್ತು? ಎದೆಯಲ್ಲಿ ಇದ್ದದ್ದು ಹೆದರಿಕೆ, ಮತ್ತು ಸಿಟ್ಟು. ಗೋಡೆಗೆ ಹಣೆ ಒತ್ತಿದ. ಹಣೆ ಸುಟ್ಟಿತು.

"ಮೀನಿನ ಗುರುತು ಹೂವಯ್ಯನ ಮನೇದು! ಕೆರೆ ಬೀದಿ ಹೂವಯ್ಯನ ಮನೇದು!"

ಕದ ತಾನಾಗಿ ತೆರೆಯಿತು.

ಗೋಡೆ ಕಪ್ಪಾಯಿತು, ಆರಿತು. ಕನ್ನಮ್ಮ ಮಗುವನ್ನು ಒದ್ದೆ ಸೀರೆಯಲ್ಲಿ ಸುತ್ತಿಕೊಂಡು ಹೊಸಿಲಲ್ಲೇ ಕುಸಿದಳು. ಅವಳ ಎರಡೂ ಅಂಗೈ ಬೊಕ್ಕೆಯೆದ್ದಿತ್ತು. ಮಗು ಒಂದು ಸಲ ಕೆಮ್ಮಿ, ಆಮೇಲೆ ಊರೇ ಕೇಳುವಂತೆ ಕಿರುಚಿತು. ಶೇಷಪ್ಪ ಇಬ್ಬರನ್ನೂ ತಬ್ಬಿಕೊಂಡು ಹೋ ಎಂದು ಅತ್ತ. ನೀರು ಕುಡಿಸಿದರು, ಅಂಗೈಗೆ ಬೆಣ್ಣೆ ಸವರಿದರು. ಬದುಕಿದೆವಲ್ಲ, ಬದುಕಿದೆವಲ್ಲ ಎಂದು ಅವನು ಸಿಕ್ಕವರಿಗೆಲ್ಲ ಹೇಳಿದ.

ಅಷ್ಟು ಹೊತ್ತಿನ ಮೇಲೆ ಕನ್ನಮ್ಮ ಮೆಲ್ಲಗೆ ಕೇಳಿದಳು. "ಹೂವಯ್ಯ ಗೂಡಿನ ಹತ್ರ ಇದಾನೆ ಅಂದ್ರಲ್ಲ. ಅವನ ಮನೇಲಿ ಈಗ ಯಾರಿದಾರೆ?"

"ಯಾರಿದ್ರೇನು..." ಎಂದವನು ಅಲ್ಲಿಗೇ ನಿಂತ. ಜ್ವರ ಎಂದದ್ದು ಸುಳ್ಳಿರಬೇಕು. ಇಟ್ಟಿಗೆ ಕೀಳಲು ಹೇಳಿದ ಸುಳ್ಳು. ಸುಳ್ಳೇ. ಆದರೆ ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು. ಹುಲಿಯಮ್ಮ. ಬುಧವಾರ ಗೈರು. ಗುರುವಾರ, ಶುಕ್ರವಾರ, ಶನಿವಾರ. ನಾಲ್ಕೂ ಗುರುತು ಅವನ ಕೈಯಾರೆ ಹಾಕಿದ್ದು.

ಅವನು ಎದ್ದ. ಓಡಿದ. ಇನ್ನೊಂದು ಮನೆ ಬೇಕು. ಯಾವುದು? ಪೋಸ್ಟ್ ಮಾಸ್ಟರರ ಮನೆ, ಜಗುಲಿಯಲ್ಲಿ ಬಸುರಿ ಹೆಂಗಸು ಅಕ್ಕಿ ಆರಿಸುತ್ತಿದ್ದಾಳೆ. ಬೇಡ. ಹೋಟೆಲಿನ ಹೇರಂಬನ ಮನೆ, ಒಳಗೆ ಮಕ್ಕಳ ಗಲಾಟೆ. ಬೇಡ. ಬಾಯಿ ತೆರೆದು ಮುಚ್ಚಿದ, ತೆರೆದು ಮುಚ್ಚಿದ. ಪ್ರತಿ ಮನೆಯಲ್ಲೂ ಯಾರೋ ಇದ್ದರು. ಯಾಕೆ ಪ್ರತಿ ಮನೆಯಲ್ಲೂ ಯಾರಾದರೂ ಇರುತ್ತಾರೆ! ಉಸಿರು ಸಿಗಲಿಲ್ಲ. ಪಕ್ಕೆ ಹಿಡಿಯಿತು. ತಿರುವಿನಲ್ಲಿ ಎಡವಿದ. ತಲೆಯೆತ್ತಿದರೆ ಎದುರಿಗೆ ಶಾಲೆ.

ಇಟ್ಟಿಗೆಯ ಶಾಲೆ. ಬಾಗಿಲಿಗೆ ಬೀಗ. ಭಾನುವಾರ. ಒಳಗೆ ಒಂದು ನರಪಿಳ್ಳೆಯಿಲ್ಲ.

ಬೀಗದ ಕೈ ಅವನ ಉಡಿದಾರದಲ್ಲೇ ಇತ್ತು.

"ಮೀನಿನ ಗುರುತು ಶಾಲೇದು!" ಅವನು ಕಿರುಚಿದ. ಗೋಡೆಗೆ ಅಂಗೈ ಒತ್ತಿದ. "ಶಾಲೇದು! ಈ ಶಾಲೇದು! ಹೂವಯ್ಯಂದಲ್ಲ! ಶಾಲೇದು!"

ಬಿಸಿಯೇರಲಿ ಎಂದು ಕಾದ. ಸುಡಲಿ, ಈ ಕೈ ಸುಟ್ಟು ಬೂದಿಯಾಗಲಿ ಎಂದು ಕಾದ. ಗೋಡೆ ತಣ್ಣಗಿತ್ತು. ನಾಲ್ಕು ಸಲ ಹೇಳಿದ. ತಣ್ಣಗೇ ಇತ್ತು. ತಿಂದೇ ಆರೋದು, ಎಂದಿದ್ದಳು ಅತ್ತೆ.

ಕೆರೆ ಬೀದಿಯ ಕಡೆಯಿಂದ ಒಬ್ಬ ಹೆಂಗಸು ಕೂಗಿಕೊಂಡದ್ದು ಕೇಳಿಸಿತು. ಆಮೇಲೆ ಇನ್ನೊಬ್ಬಳು.

ಸೋಮವಾರ ಅವನು ಅರ್ಧ ಕ್ಷೌರದ ತಲೆಗೆ ವಲ್ಲಿ ಸುತ್ತಿ ಹಾಜರಿ ಕರೆದ. ಆ ಹೆಸರಿಗೆ ಬಂದಾಗ ಕರೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಮೂರನೆಯ ದಿನ ಹೂವಯ್ಯ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಅಂಗಳದಲ್ಲಿಟ್ಟ. ಅವನ ಬಾಯಲ್ಲಿ ಕವಳವಿರಲಿಲ್ಲ. ಮೀನಿನ ಇಟ್ಟಿಗೆಯನ್ನು ಜೇಬಿನಿಂದ ತೆಗೆದು ಎಲ್ಲಕ್ಕಿಂತ ಮೇಲಿಟ್ಟ.

"ಜ್ವರ ನಿಜವಾಗ್ಲೂ ಇತ್ತು ಮೇಷ್ಟ್ರೇ," ಎಂದ. ಅಷ್ಟೇ ಹೇಳಿ ಹೋದ.

ಶೇಷಪ್ಪನಿಗೆ ಎಂಟನೆಯ ವರ್ಗವಾಯಿತು. ಅವನೇ ಅರ್ಜಿ ಹಾಕಿದ್ದ. ಮಣ್ಣುಗೋಡೆಯ ಮನೆ ಸಿಗುವ ಊರು ಎಂದಷ್ಟೇ ಕೇಳಿಕೊಂಡಿದ್ದ. ಹೊಳೆಗೆ ಬಿಟ್ಟುಬಿಡಿ ಎಂದು ಕನ್ನಮ್ಮ ಹೇಳಿದಳು. ಬಿಡಲು ಶರಾವತಿಯ ದಂಡೆಯ ತನಕ ಹೋಗಿಯೂ ಬಂದ. ಒದ್ದೆಯಾಗಿಯೇ ಉಳಿದಿದ್ದ ಆ ನಾಲ್ಕು ಇಟ್ಟಿಗೆ ನೆನಪಾಗಿ, ಇಟ್ಟಿಗೆ ಮುಳುಗಿದರೆ ಮನೆಯೂ ಮುಳುಗೀತೇನೋ ಅನ್ನಿಸಿ, ಇನ್ನೂರು ಮನೆಗಳ ಹೆಸರು ನಾಲಿಗೆಯ ತುದಿಗೆ ಬಂದು, ಕೈ ಏಳಲಿಲ್ಲ. ಈಗ ದಾರಿಯಲ್ಲಿ ಯಾರಾದರೂ ಇಂಥವರ ಮನೆ ಎಲ್ಲಿ ಎಂದು ಕೇಳಿದರೂ ಅವನು ಬಾಯಿ ಬಿಡುವುದಿಲ್ಲ, ಬೆರಳು ತೋರಿಸುತ್ತಾನೆ.

"ಏನ್ ಮೇಷ್ಟ್ರೇ ಇದು, ಹೆಣ ಭಾರ! ಒಳಗೆ ಏನಿದೆ?" ಎಂದು ಟಾಪಿಗೆ ಹತ್ತಿಸುತ್ತ ಕಂಡಕ್ಟರ್ ಉಮಾಪತಿ ಗೊಣಗಿದ.

ಶೇಷಪ್ಪ ಪೆಟ್ಟಿಗೆಗೆ ಕೆಳಗಿನಿಂದ ಕೈಕೊಟ್ಟ. ಬಸ್ಸಿನೊಳಗೆ ಕಿಟಕಿ ಪಕ್ಕ ಕೂತ. ಮೀನಿನ ಗುರುತಿನದ್ದನ್ನು ಮಾತ್ರ ಪೆಟ್ಟಿಗೆಗೆ ಹಾಕದೆ ಮುಷ್ಟಿಯಲ್ಲಿ ಹಿಡಿದಿದ್ದ. ಸಾಗರ ದಾಟಿದ ಮೇಲೂ ಅದು ಆರಿರಲಿಲ್ಲ. ತೀರಾ ಸುಡುವ ಬಿಸಿಯೇನಲ್ಲ. ಜ್ವರ ಬಂದ ಮಗುವಿನ ಹಣೆಯಷ್ಟು.