ಕರಡಿಯ ಗರಡಿಗೆ ಬಂದ ಬಾಳವ್ವ

ಯಾವುದೋ ಕಾಲದಲ್ಲಿ, ಏಳು ಬೆಟ್ಟಗಳಾಚೆ, ಸೋನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಉರಿಗಣ್ಣನೆಂಬ ಮಾಂತ್ರಿಕ ಬಂದ.

"ಕುಸ್ತಿಯಲ್ಲಿ ನನ್ನನ್ನು ಕೆಡವುವವರಿದ್ದರೆ ಬನ್ನಿ. ಅಲ್ಲಿಯವರೆಗೆ ಈ ಸಿಂಹಾಸನ ನನ್ನದು" ಎಂದ.

ಜಟ್ಟಿಗಳು ತೊಡೆ ತಟ್ಟಿ ಬಂದರು. ಬೆನ್ನು ಮಣ್ಣಿಗೆ ತಾಗಿದ್ದೇ ತಡ, ಒಬ್ಬೊಬ್ಬರೂ ಕಲ್ಲಾದರು. ಕೊನೆಗೆ ಬಂದವನು ಬಸವಂತ, ಅದುವರೆಗೆ ಸೋಲನ್ನೇ ಕಾಣದ ಜಟ್ಟಿ. ಅವನೂ ಕಲ್ಲಾದ.

ಬಸವಂತನಿಗೆ ಬಾಳವ್ವ ಎಂಬ ತಂಗಿ. ಚಾಪೆ ಹೆಣೆದು ಬದುಕುತ್ತಿದ್ದಳು. ಅಣ್ಣನ ಕಲ್ಲಿನ ಮುಖವನ್ನು ಸೆರಗಿನಿಂದ ಒರೆಸಿ ಅವಳು ಕಾಡಿನ ದಾರಿ ಹಿಡಿದಳು. ಅಲ್ಲಿ ಮಾತನಾಡುವ ಮುದಿ ಕರಡಿಯೊಂದು ಗವಿಯಲ್ಲಿ ಗರಡಿ ನಡೆಸುತ್ತಿತ್ತು.

"ಅಜ್ಜ, ನನಗೆ ಕುಸ್ತಿ ಕಲಿಸು."

"ನಿನಗೆ ಏನು ಬರುತ್ತದೆ?"

"ಏನೂ ಬರುವುದಿಲ್ಲ."

"ಹಾಗಾದರೆ ಒಳಗೆ ಬಾ" ಎಂದಿತು ಕರಡಿ.

ಮೊದಲ ವರ್ಷ ಗರಡಿಯ ಕೆಮ್ಮಣ್ಣು ಅಗೆಯುವುದು, ಹದ ಮಾಡುವುದು, ಅಷ್ಟೇ. ಅವಳ ಅಂಗೈ ಬೊಬ್ಬೆ ಬಂದು ಒಡೆಯಿತು. ಬಾಳವ್ವ ಯಾಕೆಂದು ಕೇಳಲಿಲ್ಲ.

ಎರಡನೆಯ ವರ್ಷ ಬೀಳುವುದು. ಕರಡಿ ಎತ್ತಿ ಒಗೆಯುತ್ತಿತ್ತು, ಇವಳು ಬಿದ್ದು ಏಳುತ್ತಿದ್ದಳು. ಗವಿಯ ಬಾಯಿಯ ಮುಂದಿನ ಮರದ ಮೇಲೆ ಕೋತಿಗಳು ಕೂತು ಕಿಸಿಕಿಸಿ ನಗುತ್ತಿದ್ದವು. ಮೊದಮೊದಲು ಅವಳ ಕಿವಿ ಬಿಸಿಯಾಗುತ್ತಿತ್ತು, ಒಂದೆರಡು ಸಲ ಅತ್ತಳು ಕೂಡ. ಮಳೆಗಾಲದ ಹೊತ್ತಿಗೆ ಕೋತಿಗಳಿಗೇ ಬೇಸರ ಬಂದು ಎದ್ದುಹೋದವು.

ಮೂರನೆಯ ವರ್ಷ ಒಂದೇ ಒಂದು ಪಟ್ಟು. ಅದನ್ನೇ ದಿನವೂ ಮಾಡಬೇಕು. ಒಂದು ದಿನ ನೀಲಿ ನರಿಯೊಂದು ಬಂತು.

"ಬಾಳವ್ವ, ನಿನ್ನಂಥ ಜಟ್ಟಿ ಮೂರು ಲೋಕದಲ್ಲಿಲ್ಲ. ಇನ್ನು ಕಲಿಯುವುದೇನಿದೆ? ನನ್ನ ಬೆನ್ನೇರು, ಈಗಲೇ ಅರಮನೆಗೆ ಹೋಗೋಣ."

"ಇವತ್ತಿನ ಸಾಮು ಮುಗಿದಿಲ್ಲ" ಎಂದು ಅವಳು ಮತ್ತೆ ಪಟ್ಟಿಗಿಳಿದಳು. ನರಿ ಹೊಗೆಯಾಗಿ ಹಾರಿಹೋಯಿತು. ಅದನ್ನು ಕಳಿಸಿದವನು ಉರಿಗಣ್ಣ.

ವರ್ಷ ಮುಗಿದಾಗ ಕರಡಿ, "ಹೊರಡು" ಎಂದಿತು.

"ನಾನು ಕಲಿತಾಯಿತೇ ಅಜ್ಜ?"

"ಇಲ್ಲ. ಆದರೂ ಹೊರಡು."

ಅರಮನೆಯ ಮುಂದೆ ಉರಿಗಣ್ಣ ಅವಳನ್ನು ಒಂದೇ ಏಟಿಗೆ ಕೆಡವಿದ. ಜನ ಕಣ್ಣು ಮುಚ್ಚಿಕೊಂಡರು. ಬಾಳವ್ವ ಮೈ ಕೊಡವಿ ಎದ್ದಳು. ಎರಡನೆಯ ಸಲ ಇನ್ನೂ ಜೋರಾಗಿ ಕೆಡವಿದ. ಆಗಲೂ ಎದ್ದಳು.

ಮಾಂತ್ರಿಕನ ಮುಖ ಕಪ್ಪಿಟ್ಟಿತು. "ನಿನಗೆ ನಾಚಿಕೆಯಾಗಲಿಲ್ಲವೇ?"

"ದಿನಾ ಬೀಳುವವಳು ನಾನು. ಬಾ, ಇನ್ನೊಂದು ಸಲ."

ಅವನ ಮಂತ್ರ ಬಿದ್ದವರನ್ನು ಹಿಡಿಯುತ್ತಿರಲಿಲ್ಲ. ಬಿದ್ದೆನಲ್ಲಾ ಎಂದು ಅವಮಾನದಿಂದ ಕುದಿಯುವವರನ್ನು ಹಿಡಿಯುತ್ತಿತ್ತು. ಮೂರನೆಯ ಸಲ ಬಾಳವ್ವ ತನಗೆ ಬರುವ ಆ ಒಂದು ಪಟ್ಟು ಹಾಕಿದಳು. ಉರಿಗಣ್ಣ ಜೀವಮಾನದಲ್ಲಿ ಮೊದಲ ಬಾರಿಗೆ ಅಂಗಾತ ಬಿದ್ದ. ಸುತ್ತಲಿನ ಜನರನ್ನು ನೋಡಿದ. ಪಾದದಿಂದ ನೆತ್ತಿಯವರೆಗೆ ಕಲ್ಲಾಗಿ, ಬಿರಿದು ಮರಳಾದ. ಕಲ್ಲಾಗಿದ್ದ ಜಟ್ಟಿಗಳೆಲ್ಲ ಉಸಿರೆಳೆದು ಎದ್ದು ಕುಳಿತರು.

ಸಿಂಹಾಸನ ಕಳೆದುಕೊಂಡಿದ್ದ ರಾಜ ಉಪ್ಪರಿಗೆಯಿಂದ ಕೆಳಗಿಳಿದು ಬಂದ. "ತಾಯಿ, ಈ ರಾಜ್ಯದ ಜಗಜಟ್ಟಿ ಪಟ್ಟ ನಿನ್ನದು."

"ಒಡೆಯಾ, ನನಗೆ ಬರುವುದು ಒಂದೇ ಪಟ್ಟು. ಎರಡನೆಯದನ್ನು ಕಲಿಯಲು ಹೋಗಬೇಕು."

ಬಸವಂತ ತಲೆ ತಗ್ಗಿಸಿ ನಿಂತಿದ್ದ. "ನಾನೂ ಬರಲೇನೇ?" ಎಂದು ಕೇಳಿದ.

"ಬಾ ಅಣ್ಣ" ಎಂದಳು ಬಾಳವ್ವ.

ಅಣ್ಣ ತಂಗಿ ಕಾಡಿನತ್ತ ನಡೆದರು. ಸೋನೆಗಿರಿಯತ್ತ ಮತ್ತಾವ ಮಾಂತ್ರಿಕನೂ ತಲೆ ಹಾಕಲಿಲ್ಲ. ರಾಜ, ಪ್ರಜೆ, ದನಕರು ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಬಹುಕಾಲ ಸುಖವಾಗಿದ್ದರು.